ಬುಧವಾರದ ಮುಖ

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ರೇಣುಕಾ ಸ್ಟುಡಿಯೋದಿಂದ ಹೊರಬಿದ್ದ ಯಾವ ಮುಖದ ಮೇಲೂ ಮೊಡವೆ ಇರುವುದಿಲ್ಲ. ಹಾಲ್ ಟಿಕೆಟ್ಟಿಗೆಂದು ಬಂದ ಕಾಲೇಜು ಹುಡುಗನಿರಲಿ, ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಿಕೊಳ್ಳುವ ಹೆಣ್ಣಿರಲಿ, ತೀರಿಕೊಂಡ ಅಜ್ಜನ ಚಿತ್ರ ದೊಡ್ಡದು ಮಾಡಿಸಲು ಬಂದವರಿರಲಿ, ಎಲ್ಲರಿಗೂ ಒಂದೇ ನ್ಯಾಯ. ಗಿರಾಕಿ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಮುಖ ಕ್ಲೀನ್ ಮಾಡದೆ ಫೋಟೋ ಕೊಡುವುದೆಂದರೆ ತೊಳೆಯದ ತಟ್ಟೆಯಲ್ಲಿ ಊಟ ಬಡಿಸಿದ ಹಾಗೆ ಎಂದು ಆ ಸ್ಟುಡಿಯೋದವರು ನಂಬಿದ್ದರು. ನಮ್ಮ ಕಡೆಯ ಸ್ಟುಡಿಯೋದವರೆಲ್ಲ ಹಾಗೇ ನಂಬುತ್ತಾರೆ. ಮೂಗು ಮಾತ್ರ ಯಾರದ್ದೂ ಬದಲಾಯಿಸುವುದಿಲ್ಲ. ಅಷ್ಟು ಧರ್ಮ ಇಟ್ಟುಕೊಂಡಿದ್ದಾರೆ.

ಫೋಟೋ ತೆಗೆಯುವವನು ರೇಣುಕಪ್ರಸಾದ್. ಕಂಪ್ಯೂಟರ್ ಮುಂದೆ ಕೂತು ಮುಖ ಕ್ಲೀನ್ ಮಾಡುವವಳು ಅವನ ಹೆಂಡತಿ ಸಂಗೀತಾ. ಅವಳು ಸಖರಾಯಪಟ್ಟಣದ ತೆಂಗಿನ ವ್ಯಾಪಾರದ ಮನೆಯ ಹೆಣ್ಣು. ಮದುವೆಯಾಗಿ ಬಂದ ಮೇಲೆ ಗಂಡನೇ ಕಲಿಸಿದ ವಿದ್ಯೆ ಇದು, ಈಗ ಅವನಿಗಿಂತ ಚೆನ್ನಾಗಿ ಮಾಡುತ್ತಾಳೆ. ಕಂಪ್ಯೂಟರಿನಲ್ಲಿ ಹೀಲಿಂಗ್ ಬ್ರಶ್ ಎಂಬುದೊಂದಿದೆ. ಅದು ಪಕ್ಕದ ಒಳ್ಳೆಯ ಚರ್ಮವನ್ನು ಎತ್ತಿಕೊಂಡು ಬಂದು ಮೊಡವೆಯ ಮೇಲೆ ಹಚ್ಚಿಬಿಡುತ್ತದೆ, ಹಚ್ಚಿದ ಗುರುತೂ ಉಳಿಯುವುದಿಲ್ಲ. ಗಂಡ ಹೆಂಡತಿಯ ಬಾಯಲ್ಲಿ ಬ್ರಶ್ ಉದುರಿಹೋಗಿ ಬರೀ ಹೀಲಿಂಗ್ ಉಳಿದಿತ್ತು. ಇದಕ್ಕೊಂದು ಹೀಲಿಂಗ್ ಹೊಡಿ, ಅದಕ್ಕೆರಡು ಹೊಡಿ ಎನ್ನುತ್ತಿದ್ದರು, ಒಗ್ಗರಣೆಗೆ ಉಪ್ಪು ಖಾರ ಹೇಳಿದ ಹಾಗೆ.

ಹೋದ ಗೌರಿ ಹಬ್ಬದಲ್ಲಿ ಮನೆಯವರೆಲ್ಲ ಕೂತು ಒಂದು ಫೋಟೋ ತೆಗೆಸಿಕೊಂಡರು. ಮಗ ಹುಟ್ಟಿದ ಮೇಲೆ ಸಂಗೀತಾಳ ಎರಡೂ ಕೆನ್ನೆಗೆ ಬಂಗು ಬಂದಿತ್ತು, ಚಹಾ ಚೆಲ್ಲಿ ಒರೆಸಿದ ಕಲೆಯಂಥದ್ದು. ರೇಣುಕಪ್ರಸಾದ್ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ, ಬಂಗಿಗೆ ಒಂದಿಷ್ಟು ಹೀಲಿಂಗ್ ಹೊಡ್ಕೋ ಎಂದು ಹೇಳಿ ಊಟಕ್ಕೆ ಹೋದ. ಅವನ ಮಾತಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಅವಳು ತನ್ನ ಕೆನ್ನೆಯನ್ನು ತಾನೇ ಒರೆಸಿಕೊಂಡಳು. ಆ ಫೋಟೋ ಈಗ ಸ್ಟುಡಿಯೋದ ಗೋಡೆಯ ಮೇಲಿದೆ, ಬಂದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಗಂಡ ತನ್ನ ಮುಖವನ್ನು ಕೊನೆಯ ಸಲ ನೋಡಿದ್ದು ಅವತ್ತೇ ಎಂದು ಸಂಗೀತಾಳ ಲೆಕ್ಕ.

ಇಂಥ ಹೆಂಗಸಿರುವ ಸ್ಟುಡಿಯೋಗೆ ಭುವನಾ ಬಂದಳು.

ಭುವನಾ ಅಜ್ಜಂಪುರದವಳು, ತರೀಕೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸ. ಬಂದ ಹೆಂಗಸರಿಗೆ ಸೀರೆ ಬಿಚ್ಚಿ ತನ್ನ ಹೆಗಲ ಮೇಲೆ ಹೊದ್ದು ತೋರಿಸುವ ಕೆಲಸ. ಈ ವರ್ಷ ಅವಳ ಕೆನ್ನೆ, ಗದ್ದ, ಹಣೆಯೆಲ್ಲ ಮೊಡವೆ ಎದ್ದವು. ಪಡ್ಡೆ ವಯಸ್ಸಿನ ನಾಕು ಗುಳ್ಳೆಗಳಲ್ಲ, ಕೆಂಪಗೆ ಊದಿ ಕೀವು ತುಂಬಿ ಮುಟ್ಟಿದರೆ ನೋಯುವಂಥವು. ಸೀರೆಯ ಬದಲು ಗಿರಾಕಿಗಳು ಮುಖ ನೋಡ್ತಾರೆ ಎಂದು ಹೇಳಿ ಮಾಲೀಕರು ಅವಳನ್ನು ಹಿಂದಿನ ಗೋಡೌನಿಗೆ ಹಾಕಿದರು. ಅಲ್ಲಿ ಬಂಡಲ್ ಎಣಿಸುವುದು, ಸ್ಟಿಕ್ಕರ್ ಅಂಟಿಸುವುದು. ಮುಖ ಸರಿಹೋದರೆ ಮತ್ತೆ ಮುಂದಕ್ಕೆ ಕರೆಯುತ್ತೇವೆ ಎಂದಿದ್ದರು. ಆ ಮಾತನ್ನು ಹಿಡಿದುಕೊಂಡೇ ಅವಳು ಕಡೂರಿನ ಚರ್ಮದ ಡಾಕ್ಟರು ಹಂಸಾ ಅವರ ಹತ್ತಿರ ಹೋಗಿದ್ದು.

ಡಾಕ್ಟರು ರಾತ್ರಿ ಹಚ್ಚಿಕೊಳ್ಳಲು ಒಂದು ಮುಲಾಮು ಬರೆದುಕೊಟ್ಟರು. ಮೊದಮೊದಲು ಇನ್ನೂ ಜಾಸ್ತಿಯಾದ ಹಾಗೆ ಕಾಣುತ್ತದೆ, ಚರ್ಮ ಸುಲಿಯುತ್ತದೆ, ದಿಂಬಿನ ಕವರಿನ ಬಣ್ಣ ಹೋಗುತ್ತದೆ, ಹೆದರಬೇಡ ಎಂದರು. ಮುಲಾಮು ಹಿಡಿಯದಿದ್ದರೆ ಕುಳಿ ಬೀಳುವ ಮುಂಚೆ ಮಾತ್ರೆ ಶುರುಮಾಡಬೇಕು; ಹಿಡಿಯಿತೋ ಇಲ್ಲವೋ ತಿಳಿಯಬೇಕಾದರೆ ವಾರ ವಾರ ಫೋಟೋ ಬೇಕು. ಪ್ರತಿ ವಾರ ಕಡೂರಿಗೆ ಬರಲು ಭುವನಾಗೆ ರಜೆ ಸಿಗುವುದಿಲ್ಲ. ಫೋನಿನಲ್ಲಿ ತೆಗೆದು ಕಳಿಸಿದಳು. ಅವಳ ಫೋನು ಮುಖ ಕಂಡ ಕೂಡಲೇ ತಾನೇ ಬೆಳ್ಳಗೆ ನುಣ್ಣಗೆ ಮಾಡುವ ಜಾತಿಯದು. ಇದು ಯಾರಮ್ಮ, ನಿನ್ನ ತಂಗಿಯಾ ಎಂದು ಡಾಕ್ಟರು ನಕ್ಕರು. ಆಮೇಲೆ, ಯಾವುದಾದರೂ ಸ್ಟುಡಿಯೋದಲ್ಲಿ ತೆಗೆಸು, ಪ್ರತಿ ಸಲವೂ ಅದೇ ಜಾಗ, ಅದೇ ಬೆಳಕು, ಅಷ್ಟೇ ದೂರ ಇರಬೇಕು, ಮುಖಕ್ಕೆ ಪೌಡರ್ ಕೂಡ ಇರಬಾರದು ಎಂದರು. ಸ್ಟುಡಿಯೋದವನ ಜೊತೆ ಫೋನಿನಲ್ಲಿ ತಾವೇ ಮಾತಾಡಿದರು. ನಿಮ್ಮ ಫೋಟೋ ನೋಡಿಯೇ ನಾನು ಔಷಧಿ ಕೊಡೋದು, ಒಂದು ಚುಕ್ಕೆಯೂ ಹೆಚ್ಚುಕಮ್ಮಿ ಆಗಬಾರದು ಎಂದು ಹೇಳಿದರು.

ಈ ಒಂದು ಮಾತು ರೇಣುಕಪ್ರಸಾದನ ತಲೆಗೆ ಏರಿತು. ಪಾಪ, ಏರದೆ ಏನು ಮಾಡೀತು? ಇಷ್ಟು ವರ್ಷ ಅವನ ಹತ್ತಿರ ಬಂದವರೆಲ್ಲ ಬೆಳ್ಳಗೆ ಮಾಡಿ, ಸಣ್ಣ ಮಾಡಿ, ಹಿಂದೆ ಹೆಬ್ಬೆ ಜಲಪಾತ ಹಾಕಿ ಎಂದವರೇ. ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಡು ಎಂದು ಒಬ್ಬರಾದರೂ ಕೇಳಿರಲಿಲ್ಲ. ಅವನು ನೆಲದ ಮೇಲೆ ಸ್ಟೂಲಿನ ಕಾಲುಗಳಿಗೆ ಟೇಪು ಅಂಟಿಸಿ ಗುರುತು ಮಾಡಿದ. ಕ್ಯಾಮೆರಾ ಸ್ಟ್ಯಾಂಡಿಗೆ ಇನ್ನೊಂದು ಗುರುತು. ಹಿಂದೆ ಕಟ್ಟಲು ಬೂದು ಬಣ್ಣದ ಬಟ್ಟೆ ತಂದ. ಎರಡೂ ಕಡೆ ಛತ್ರಿ ಲೈಟು ಇಟ್ಟ. ಅಷ್ಟೂ ಸಾಲದು ಎಂದು ಸ್ಟ್ಯಾಂಡಿಗೆ ಒಂದು ದಾರ ಕಟ್ಟಿ, ಅದರ ತುದಿಯನ್ನು ಭುವನಾಳ ಮೂಗಿನ ತುದಿಯವರೆಗೆ ಎಳೆದು ಹಿಡಿದು ದೂರ ಸರಿಯಿದೆಯೇ ಎಂದು ನೋಡುತ್ತಿದ್ದ. ಗದ್ದ ಸ್ವಲ್ಪ ಮೇಲೆ, ಹಾಂ, ಕಣ್ಣು ಇಲ್ಲಿ, ಎಂದು ಮೆಲ್ಲಗೆ ಹೇಳುತ್ತಿದ್ದ. ನೇರ ಒಂದು, ಎಡಗೆನ್ನೆ ಒಂದು, ಬಲಗೆನ್ನೆ ಒಂದು.

ಆ ದಾರವೇ ಸಂಗೀತಾಳನ್ನು ಸುಟ್ಟಿದ್ದು. ಗಂಡ ಒಂದು ಹೆಣ್ಣಿನ ಮುಂದೆ ಕೂತು, ಅವಳ ಮೂಗಿಗೂ ತನ್ನ ಕೈಗೂ ನಡುವೆ ದಾರ ಹಿಡಿದು, ಉಸಿರು ಬಿಗಿಹಿಡಿದು ಮುಖ ನೋಡುತ್ತಾನೆ. ಹೆಂಡತಿ ಕಂಪ್ಯೂಟರ್ ಮುಂದೆ ಕೂತು ಯಾರದೋ ನಾಮಕರಣದ ಆಲ್ಬಮ್ಮಿಗೆ ಹೂವಿನ ಬಾರ್ಡರ್ ಹಾಕುತ್ತಾಳೆ. ಭುವನಾ ಅವನನ್ನು ಅಣ್ಣ ಎನ್ನುತ್ತಿದ್ದಳು, ಇವಳನ್ನು ಅಕ್ಕ ಎನ್ನುತ್ತಿದ್ದಳು. ಅಣ್ಣ ಎಂದುಬಿಟ್ಟರೆ ಎಲ್ಲ ಆಗಿಹೋಯಿತೇ ಎಂದು ಸಂಗೀತಾ ಮನಸ್ಸಿನಲ್ಲೇ ಕೇಳಿಕೊಂಡಳು.

ಫೋಟೋಗಳನ್ನು ಡಾಕ್ಟರಿಗೆ ಕಳಿಸುವ ಕೆಲಸ ಅವಳ ಪಾಲಿಗೆ ಬಂತು. ಕಂಪ್ಯೂಟರ್ ಅವಳದಲ್ಲವೇ. ಮೊದಲ ದಿನ ಬೆರಳು ಅಭ್ಯಾಸದ ಮೇಲೆ ಬ್ರಶ್ಶಿನ ಕಡೆ ಹೋದಾಗ ರೇಣುಕಪ್ರಸಾದ್ ಹಿಂದಿನಿಂದ ಬಂದು ಅವಳ ಕೈಯ ಮೇಲೆ ಕೈ ಇಟ್ಟು ತಡೆದ.

“ಏಯ್, ಮುಟ್ಬ್ಯಾಡ ಕಣೇ. ಇದು ಹೆಂಗೈತೋ ಹಂಗೇ ಇರ್ಬೇಕು. ಒಂದು ಚುಕ್ಕೆ ಹೋಗ್ಬಾರ್ದು.”

ಹೆಂಡತಿಯ ಬಂಗು ಹೋಗಬೇಕು, ಆ ಹುಡುಗಿಯ ಮೊಡವೆ ಮಾತ್ರ ಒಂದು ಚುಕ್ಕೆಯೂ ಹೋಗಬಾರದು. ಸಂಗೀತಾ ಹಾಗೇ ಕಳಿಸಿದಳು. ಆದರೆ ಅವತ್ತಿನಿಂದ ಅವಳ ಹೊಟ್ಟೆಯೊಳಗೆ ಒಂದು ಒಲೆ ಉರಿಯತೊಡಗಿತು. ಹೊಟ್ಟೆಕಿಚ್ಚು ಎಂದು ಹಿರಿಯರು ಸುಮ್ಮನೆ ಹೆಸರಿಟ್ಟಿಲ್ಲ.

ವಾರಕ್ಕೊಮ್ಮೆ ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಭುವನಾ ಬರುತ್ತಿದ್ದಳು. ಬುಧವಾರ ಬೆಳಿಗ್ಗೆ ರೇಣುಕಪ್ರಸಾದ್ ಲೆನ್ಸು ಒರೆಸಿ ಇಡುತ್ತಿದ್ದ. ರಾತ್ರಿ ಊಟಕ್ಕೆ ಕೂತರೆ ಅದೇ ಮಾತು. ಎಡಗೆನ್ನೆಯದು ಹಣ್ಣಾಗಿದೆಯಂತೆ, ಗದ್ದದ ಕೆಳಗೆ ಹೊಸದೊಂದು ಎದ್ದಿದೆಯಂತೆ, ಹಣೆಯದು ಒಣಗಿ ಕಂದು ಬಣ್ಣಕ್ಕೆ ತಿರುಗಿದೆಯಂತೆ. ರಾಗಿ ಮುದ್ದೆ ಮುರಿಯುತ್ತಾ ಅವನು ಆ ಹುಡುಗಿಯ ಮುಖದ ಮೇಲೆಲ್ಲ ಓಡಾಡಿ ಬರುತ್ತಿದ್ದ. ಒಂದು ದಿನ ಸಂಗೀತಾ ಹವಳದ ಮೂಗುಬೊಟ್ಟು ತೆಗೆದು ಬಿಳಿ ಹರಳಿನದು ಹಾಕಿಕೊಂಡು ಅವನೆದುರಿಗೆ ಬಡಿಸಲು ಕೂತಳು. ಆ ದಿನ ಕಾದಳು, ಆ ವಾರವೆಲ್ಲ ಕಾದಳು. ಅವನಿಗೆ ಕಾಣಲಿಲ್ಲ. ಸ್ಟುಡಿಯೋ ಎದುರಿಗೆ ಹೂ ಮಾರುವ ಅಂಜಿನಮ್ಮನಿಗೆ ಮಾತ್ರ ದೂರದಿಂದಲೇ ಕಂಡಿತು.

ಆ ಅಂಜಿನಮ್ಮ ಇನ್ನೊಂದನ್ನೂ ಕಂಡಿದ್ದಳು. ಮಲ್ಲಿಗೆ ಮೊಳ ಹಾಕುತ್ತಾ, ಮದುವೆ ಆಗೋ ಹುಡುಗಿಯೂ ಇಷ್ಟು ಸಲ ಫೋಟೋ ತೆಗೆಸಲ್ಲ ಕಣವ್ವ ಎಂದು ಒಂದು ಮಾತು ಬಿಟ್ಟಳು. ಬಿಟ್ಟು ತನ್ನ ಪಾಡಿಗೆ ಹೂ ಕಟ್ಟಿದಳು. ಉರಿಯುವ ಒಲೆಗೆ ಸೌದೆ ಒಟ್ಟುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ.

ಸಂಗೀತಾಳಿಗೆ ಈಗ ಒಂದೇ ಒಂದು ಬೇಕಿತ್ತು: ಆ ಹುಡುಗಿ ಬರುವುದು ನಿಲ್ಲಬೇಕು. ಅವಳ ಮುಖ ಬೇಗ ವಾಸಿಯಾಗಲಿ ಎಂದು ಮನೆದೇವರು ವೀರಭದ್ರನಿಗೆ ಹರಕೆಯನ್ನೂ ಹೊತ್ತಳು. ಇದನ್ನು ಒಳ್ಳೆಯತನ ಎಂದುಕೊಂಡರೆ ತಪ್ಪು. ಮುಖ ವಾಸಿಯಾದರೆ ಫೋಟೋ ಬೇಕಿಲ್ಲ, ಫೋಟೋ ಬೇಡವೆಂದರೆ ಬುಧವಾರವಿಲ್ಲ, ಅಷ್ಟೇ. ಆದರೆ ವೀರಭದ್ರನಿಗೂ ಮುಲಾಮಿಗೂ ಅವಸರವಿರಲಿಲ್ಲ. ವಾರಗಳು ಕಳೆದವು. ಪ್ರತಿ ಬುಧವಾರ ಸಂಗೀತಾ ಆ ಮುಖವನ್ನು ಕಂಪ್ಯೂಟರಿನ ತೆರೆಯ ತುಂಬ ದೊಡ್ಡದು ಮಾಡಿ ನೋಡುತ್ತಿದ್ದಳು. ಯಾವ ಗುಳ್ಳೆ ಎಲ್ಲಿದೆ, ಯಾವುದು ಹಳೆಯದು, ಯಾವುದು ಮೊನ್ನೆ ಎದ್ದದ್ದು, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಆ ಹುಡುಗಿಯ ಮುಖವನ್ನು ಗಂಡನಿಗಿಂತ ಹೆಚ್ಚು ನೋಡಿದವಳು ತಾನೇ ಎಂಬುದು ಅವಳಿಗೆ ಹೊಳೆಯಲಿಲ್ಲ.

ಒಂದು ಬುಧವಾರ ರೇಣುಕಪ್ರಸಾದ್ ಬೀರೂರಿಗೆ ಒಂದು ನಿಶ್ಚಿತಾರ್ಥದ ಫೋಟೋಗೆ ಹೋಗಬೇಕಿತ್ತು. ಭುವನಾ ಬಂದು ಹೋಗುವವರೆಗೂ ಕಾದು, ಬಸ್ಸು ತಪ್ಪಿಸಿಕೊಂಡು, ಆಮೇಲೆ ಓಡಿದ. ಬೀರೂರಿನವರು ಫೋನು ಮಾಡಿ ಸಂಗೀತಾಳಿಗೆ ಬೈದರು. ಬೈಸಿಕೊಂಡು ಫೋನು ಕೆಳಗಿಟ್ಟವಳು ಕಂಪ್ಯೂಟರ್ ಮುಂದೆ ಕೂತು ಆ ಮೂರು ಫೋಟೋ ತೆರೆದಳು. ಹಣೆಯ ಮೇಲೆ ಎರಡು ಗುಳ್ಳೆಗೆ ಹೀಲಿಂಗ್ ಹೊಡೆದಳು. ಕೈ ನಿಲ್ಲಲಿಲ್ಲ. ಬಲಗೆನ್ನೆಯಲ್ಲಿ ಇನ್ನೊಂದನ್ನು ತೆಗೆದಳು. ಎಲ್ಲವನ್ನೂ ಒರೆಸಿಬಿಟ್ಟರೆ ಡಾಕ್ಟರಿಗೆ ಅನುಮಾನ ಬರುತ್ತದೆಂದು ಅಲ್ಲಿಗೆ ಬಿಟ್ಟಳು. ತೆಗೆದ ಜಾಗದಲ್ಲಿ ಒಂದಿಷ್ಟು ಕೆಂಪು ಉಳಿಸಿದಳು. ಮೊಡವೆ ಮಾಯುವಾಗ ಮೊದಲು ಕೆಂಪಾಗಿ, ಆಮೇಲೆ ಕಂದಾಗಿ, ಆಮೇಲೆ ಚರ್ಮದಲ್ಲಿ ಸೇರುತ್ತದೆಂದು ಇಷ್ಟು ವಾರ ನೋಡಿ ಕಲಿತಿದ್ದಳು. ಕಲಿತ ವಿದ್ಯೆ ಯಾವಾಗ ಯಾವುದಕ್ಕೆ ಬರುತ್ತದೋ ಹೇಳಲಾಗದು.

ಸಂಜೆ ಡಾಕ್ಟರಿಂದ ವಾಟ್ಸಾಪಿನಲ್ಲಿ ಉತ್ತರ ಬಂತು. ಅದರಲ್ಲಿದ್ದದ್ದು ಒಂದೇ ಸಾಲು: ಹೀಲಿಂಗ್ ತುಂಬಾ ಚೆನ್ನಾಗಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಂಗೀತಾ ಮೌಸಿನ ಮೇಲಿದ್ದ ಕೈಯನ್ನು ಎತ್ತಿಕೊಂಡಳು. ಡಾಕ್ಟರಿಗೆ ಬ್ರಶ್ ಹೊಡೆದದ್ದು ತಿಳಿದುಹೋಯಿತು, ಚುಚ್ಚಿ ಮಾತಾಡುತ್ತಿದ್ದಾರೆ ಎಂದೇ ಅಂದುಕೊಂಡಳು. ಗಂಡ ಬಂದ ಮೇಲೆ ಏನು ಹೇಳಲಿ ಎಂದು ಒದ್ದಾಡಿದಳು. ಬಹಳ ಹೊತ್ತಾದ ಮೇಲೆ, ಆ ಪದಕ್ಕೆ ವಾಸಿಯಾಗುವುದು ಎಂಬ ಅರ್ಥವೂ ಇದೆ ಎಂಬುದು ನೆನಪಾಯಿತು. ಒಬ್ಬಳೇ ಕೂತು ನಕ್ಕಳು.

ಅಲ್ಲಿಂದ ಅವಳಿಗೆ ಧೈರ್ಯ ಬಂತು. ವಾರ ವಾರ ಒಂದಿಷ್ಟು ಒರೆಸಿದಳು. ಹಣೆ ಆಯಿತು, ಗದ್ದ ಆಯಿತು, ಕೆನ್ನೆಗೆ ಬಂದಳು. ರೇಣುಕಪ್ರಸಾದ್ ಕಳಿಸಿದ ಮೇಲೆ ಫೋಟೋ ನೋಡುವವನಲ್ಲ. ತೆಗೆಯುವುದರಲ್ಲೇ ಅವನ ಸುಖ ಮುಗಿಯುತ್ತಿತ್ತು. ಕಡೂರಿನಲ್ಲಿ ಕೂತ ಡಾಕ್ಟರು ಮುಖ ಚೆನ್ನಾಗುತ್ತಿದೆ ಎಂದು ಖುಷಿಯಾಗಿ, ಮುಲಾಮನ್ನು ದಿನ ಬಿಟ್ಟು ದಿನ ಹಚ್ಚಿದರೆ ಸಾಕು ಎಂದು ಭುವನಾಗೆ ಹೇಳಿದರು. ಭುವನಾ ಹಾಗೇ ಮಾಡಿದಳು. ಮೊದಲೇ ಹಿಡಿಯದ ಮುಲಾಮು, ಈಗ ಅರ್ಧವಾಯಿತು. ನಿಜವಾದ ಮುಖದ ಮೇಲೆ ಹೊಸ ಗುಳ್ಳೆಗಳು ಗುಂಪು ಗುಂಪಾಗಿ ಎದ್ದವು.

ರೇಣುಕಪ್ರಸಾದನಿಗೆ ಇದು ಅರ್ಥವಾಗಲಿಲ್ಲ. ಕಣ್ಣೆದುರಿಗೆ ಜಾಸ್ತಿ ಆಗಿದೆ, ಡಾಕ್ಟರು ವಾಸಿ ಅನ್ನುತ್ತಾರಲ್ಲ ಎಂದು ಊಟದ ಹೊತ್ತಿನಲ್ಲಿ ತಲೆ ಕೆರೆದುಕೊಂಡ. ಓದಿದವರಿಗೆ ನಮಗಿಂತ ಗೊತ್ತಿರುತ್ತದೆ ಬಿಡಿ ಎಂದು ಸಂಗೀತಾ ಅನ್ನಕ್ಕೆ ಸಾರು ಬಡಿಸಿದಳು. ಒಳಗೆ ಅವಳಿಗೆ ಇನ್ನೊಂದು ಸಂಕಟ ಹತ್ತಿತ್ತು. ಫೋಟೋದಲ್ಲಿ ಮುಖ ಎಷ್ಟು ಸ್ವಚ್ಛವಾದರೂ ಹುಡುಗಿ ಬರುವುದು ನಿಂತಿರಲಿಲ್ಲ. ಪೂರ್ತಿ ಹೋಗುವವರೆಗೆ ಫೋಟೋ ಬರುತ್ತಿರಲಿ ಎಂದು ಡಾಕ್ಟರು ಹೇಳಿದ್ದರು. ಇನ್ನೊಂದೆರಡು ವಾರ, ಪೂರ್ತಿ ಒರೆಸಿಬಿಟ್ಟರೆ ಮುಗಿಯಿತು ಎಂದು ಅವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಆ ವಾರವೇ ಭುವನಾ ಸ್ವಲ್ಪ ಬೇಗ ಬಂದಳು. ರೇಣುಕಪ್ರಸಾದ್ ಇರಲಿಲ್ಲ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದವಳು ಕಂಪ್ಯೂಟರ್ ಪಕ್ಕಕ್ಕೆ ಬಂದು ನಿಂತು ದುಪಟ್ಟಾ ಬಿಚ್ಚಿದಳು. ಎಡಗೆನ್ನೆ ಊದಿ ಬಿಗಿದುಕೊಂಡಿತ್ತು. ಸಂಗೀತಾ ತೆರೆಯ ಮೇಲಿದ್ದುದನ್ನು ಬೇಗ ಮುಚ್ಚಿದಳು.

“ಅಕ್ಕಾ, ನೀವು ದಿನಾ ಎಷ್ಟೋ ಮುಖ ನೋಡ್ತೀರ. ನಿಜ ಹೇಳಿ, ಕಮ್ಮಿ ಆಗೈತಾ? ಡಾಕ್ಟ್ರು ಆಗೈತೆ ಅಂತಾರೆ. ನಂಗೇ ಕಾಣ್ತಿಲ್ವೇನೋ.”

ಇಲ್ಲಿ ಸಂಗೀತಾ ನಿಜ ಹೇಳಬಹುದಿತ್ತು. ಹೇಳಿದ್ದರೆ ಈ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲ. ಅವಳ ಕಣ್ಣು ಹುಡುಗಿಯ ಕೆನ್ನೆಯ ಮೇಲಿತ್ತು, ಮನಸ್ಸು ಆ ದಾರದ ಮೇಲಿತ್ತು.

“ಕಮ್ಮಿ ಆಗೈತೆ ಕಣೇ. ನೀನು ಕನ್ನಡಿ ನೋಡೋದು ಬಿಡು, ಎಲ್ಲ ಸರಿಹೋಗುತ್ತೆ.”

ಭುವನಾ ತಲೆಯಾಡಿಸಿದಳು. ಅಕ್ಕನ ಮಾತು, ಡಾಕ್ಟರ ಮಾತು ಎರಡೂ ಒಂದು ಕಡೆ. ಕನ್ನಡಿ ಒಂದೇ ಇನ್ನೊಂದು ಕಡೆ. ಕನ್ನಡಿ ಸೋತಿತು.

ಮುಂದಿನ ಬುಧವಾರ ಭುವನಾ ಸ್ಟೂಲಿನ ಮೇಲೆ ಕೂತು, ರೇಣುಕಪ್ರಸಾದ್ ದಾರ ಎಳೆದು ಹಿಡಿದಿದ್ದಾಗ ಸ್ಟುಡಿಯೋ ಮುಂದೆ ಒಂದು ಕಾರು ನಿಂತಿತು. ಇಳಿದು ಬಂದವರು ಡಾಕ್ಟರ್ ಹಂಸಾ. ಡಾಕ್ಟರುಗಳ ಒಂದು ಸಭೆಗೆಂದು ಕಡೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದರಂತೆ. ದಾರಿಯಲ್ಲೇ ತರೀಕೆರೆ, ಇಷ್ಟು ಚೆನ್ನಾಗಿ ಫೋಟೋ ತೆಗೆಯುವವರನ್ನು ನೋಡಿಯೇ ಹೋಗೋಣವೆಂದು ಬಂದರಂತೆ. ಭುವನಾಳ ಫೋಟೋಗಳನ್ನು ಅವತ್ತಿನ ಸಭೆಯಲ್ಲಿ ತೋರಿಸುವವರಿದ್ದರು. ಇನ್ನು ಮೇಲೆ ಈ ಕಡೆಯ ತಮ್ಮ ಪೇಶಂಟುಗಳನ್ನೆಲ್ಲ, ಹುಡುಗಿಯರೇ ಜಾಸ್ತಿ, ವಾರ ವಾರ ಇಲ್ಲಿಗೇ ಕಳಿಸುತ್ತೇನೆ ಎಂದು ಬಾಗಿಲಲ್ಲೇ ಹೇಳಿದರು. ಒಬ್ಬಳನ್ನು ಓಡಿಸಲು ಹೋಗಿ ಒಂದು ಹಿಂಡನ್ನೇ ಕರೆದುಕೊಂಡೆನಲ್ಲ ಎಂದು ಸಂಗೀತಾ ಕುರ್ಚಿ ಹಿಡಿದುಕೊಂಡಳು.

ಅಷ್ಟರಲ್ಲಿ ಡಾಕ್ಟರು ಸ್ಟೂಲಿನ ಮೇಲೆ ಕೂತವಳನ್ನು ನೋಡಿದರು. ಹತ್ತಿರ ಹೋಗಿ ಬಗ್ಗಿದರು.

“ಭುವನಾ, ಇದು ಯಾವಾಗ ಆಯ್ತು?”

“ಹಿಂಗೇ ಐತಲ್ಲ ಮೇಡಂ. ನೀವೇ ವಾಸಿ ಆಗ್ತಿದೆ ಅಂದ್ರಿ.”

ಡಾಕ್ಟರು ಚೀಲದಿಂದ ಫೋನು ತೆಗೆದು, ಹಿಂದಿನ ವಾರ ಬಂದಿದ್ದ ಫೋಟೋ ತೆರೆದು, ಅದನ್ನು ಭುವನಾಳ ಕೆನ್ನೆಯ ಪಕ್ಕಕ್ಕೆ ಹಿಡಿದರು. ಫೋನಿನಲ್ಲಿದ್ದ ಕೆನ್ನೆಯಲ್ಲಿ ಎರಡು ಕಂದು ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. ರೇಣುಕಪ್ರಸಾದ್ ದಾರ ಕೈಯಲ್ಲೇ ಹಿಡಿದು ಬಗ್ಗಿ ನೋಡಿದ. ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಯಾವ ಚರ್ಮ ಎಲ್ಲಿಂದ ಎತ್ತಿ ಎಲ್ಲಿ ಹಚ್ಚಿದೆ, ಅಂಚನ್ನು ಹೇಗೆ ಮೆತ್ತಗೆ ಮಾಡಿದೆ, ಎಲ್ಲ ಅವನೇ ಕಲಿಸಿದ್ದು. ಅವನು ಹೆಂಡತಿಯ ಕಡೆ ತಿರುಗಲಿಲ್ಲ. ಡಾಕ್ಟರ ಮುಂದೆ ನೆಟ್ಟಗೆ ನಿಂತು, ನಮ್ಮದೇ ತಪ್ಪು ಮೇಡಂ, ಕೈ ಅಭ್ಯಾಸ, ಮುಖ ಕಂಡರೆ ಕ್ಲೀನ್ ಮಾಡಿಬಿಡುತ್ತೇವೆ, ನಾನು ನೋಡಿಕೊಳ್ಳಬೇಕಿತ್ತು ಎಂದ.

ಡಾಕ್ಟರು ನಂಬಿದರು. ಸ್ಟುಡಿಯೋದವರ ಕೈ ಅಭ್ಯಾಸ ಅವರಿಗೂ ಗೊತ್ತು. ಅವರ ಕ್ಲಿನಿಕ್ಕಿನ ಗೋಡೆಯ ಮೇಲಿನ ಅವರದ್ದೇ ಫೋಟೋ ಹಾಗೆ ತೆಗೆದದ್ದು. ನಂಬಿದರೂ ಸಿಟ್ಟು ಇಳಿಯಲಿಲ್ಲ. ಭುವನಾಳ ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿ ಬೆರಳಿನಿಂದ ಮೆಲ್ಲಗೆ ಮುಟ್ಟಿ, ಇಲ್ಲಿ ಕುಳಿ ಬೀಳುವುದಕ್ಕೆ ಶುರುವಾಗಿದೆ, ಇವು ಇನ್ನು ಪೂರ್ತಿ ಹೋಗುವುದಿಲ್ಲ, ನಿಜವಾದ ಫೋಟೋ ಬಂದಿದ್ದರೆ ಹಿಂದೆಯೇ ಮಾತ್ರೆ ಶುರುಮಾಡುತ್ತಿದ್ದೆ ಎಂದರು. ಇವತ್ತಿನ ಫೋಟೋ ಮುಟ್ಟದೆ ಈಗಲೇ ಕಳಿಸಿ, ನಾಳೆಯೇ ಕಡೂರಿಗೆ ಬಾ ಎಂದು ಹೇಳಿ ಹೊರಟರು.

ಕಾರು ಹೋದ ಮೇಲೆ ರೇಣುಕಪ್ರಸಾದ್ ದಾರ ಕೆಳಗೆ ಹಾಕಿದ. ಭುವನಾಳ ಸ್ಟೂಲಿನ ಮುಂದೆ ಹೋಗಿ ನಿಂತು ಎರಡೂ ಕೈ ಜೋಡಿಸಿದ. ತಪ್ಪಾಯ್ತು ಕಣಮ್ಮ, ನನ್ನಿಂದ ನಿನ್ನ ಮುಖ ಹಾಳಾಯ್ತು ಎಂದ. ಅವನ ಕಣ್ಣಲ್ಲಿ ನೀರಿತ್ತು. ಮದುವೆಯಾದಂದಿನಿಂದ ಸಂಗೀತಾ ಅವನ ಕಣ್ಣಲ್ಲಿ ನೀರು ಕಂಡವಳಲ್ಲ.

ಕಂಪ್ಯೂಟರ್ ಹಿಂದೆ ಕೂತು ಅವಳು ನೋಡಿದಳು. ಗಂಡ ತನಗಾಗಿ ಸುಳ್ಳು ಹೇಳಿದ್ದ. ಅದಕ್ಕೆ ಅವಳ ಎದೆ ಕರಗಬೇಕಿತ್ತು. ಕರಗಲಿಲ್ಲ. ಅವನು ಕೈ ಜೋಡಿಸಿದ್ದು ಯಾರ ಮುಂದೆ? ಆ ಹುಡುಗಿಯ ಮುಂದೆ. ಕಣ್ಣೀರು ಯಾರಿಗೆ? ಆ ಹುಡುಗಿಗೆ. ತಪ್ಪು ಮಾಡಿದವಳು ತಾನು. ಆ ತಪ್ಪನ್ನೂ ಇವರಿಬ್ಬರೇ ಹಂಚಿಕೊಳ್ಳುತ್ತಿದ್ದಾರಲ್ಲ! ಮುಂದಿನ ಮಾತು ಅವಳ ಬಾಯಿಂದ ಬಂದದ್ದು ಪಶ್ಚಾತ್ತಾಪದಿಂದ ಎಂದು ಯಾರೂ ತಿಳಿಯಬೇಡಿ.

“ಅವ್ರಲ್ಲ. ನಾನು ಮಾಡಿದ್ದು. ಬೇಕಂತ್ಲೇ ಮಾಡಿದ್ದು.”

ರೇಣುಕಪ್ರಸಾದ್ ಕೈ ಇಳಿಸಿದ. ಯಾಕಕ್ಕ ಎಂದು ಭುವನಾ ಕೇಳಿದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

“ನಿನ್ನ ಮುಖ ವಾಸಿ ಆಯ್ತು ಅಂದ್ರೆ ನೀನು ಬರೋದು ನಿಲ್ತಿತ್ತು. ಇವ್ರು ವಾರ ವಾರ ನಿನ್ನ ನೋಡೋದು ನಿಲ್ತಿತ್ತು. ಅದಕ್ಕೇ.”

ಭುವನಾ ಅವಳನ್ನೇ ನೋಡಿದಳು. ಆಮೇಲೆ ಕೈ ಎತ್ತಿ ತನ್ನ ಕೆನ್ನೆ ಮುಟ್ಟಿಕೊಂಡಳು, ಅಲ್ಲಿರುವುದು ಹಳೆಯ ಕೆನ್ನೆಯೇನಾ ಎಂದು ನೋಡುವವಳಂತೆ.

“ನನ್ ಮೇಲಾ ಅಕ್ಕ? ಈ ಮುಖದ ಮೇಲಾ ಹೊಟ್ಟೆಕಿಚ್ಚು?”

ಅವಳಿಗೆ ನಗು ಬಂದುಬಿಟ್ಟಿತು. ಅಣಕದ ನಗುವಲ್ಲ, ತಡೆಯಲು ನೋಡಿದರೂ ನಿಲ್ಲದ ನಗು. ನಗುತ್ತಲೇ ಕಣ್ಣೀರು ಇಳಿಯಿತು, ಸುಲಿದ ಚರ್ಮಕ್ಕೆ ಉಪ್ಪು ತಾಗಿ ಅವಳು ಮುಖ ಕಿವುಚಿದಳು. ಅಂಗಡಿಯಲ್ಲಿ ನನ್ನನ್ನು ಸೀರೆ ಮುಟ್ಟಲೂ ಬಿಡುವುದಿಲ್ಲ ಎಂದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಅಜ್ಜಂಪುರದವರೆಗೆ ಬರುತ್ತಾರೆ ಎಂದಳು. ನೀವು ಕಮ್ಮಿ ಆಗಿದೆ ಎಂದ ದಿನವೇ ಹೋಗಿ ಮನೆಯ ಕನ್ನಡಿ ಮೇಲೆ ಟವಲ್ ಹಾಕಿದೆ, ಇಷ್ಟು ದಿನ ನನಗೇ ತಲೆ ಕೆಟ್ಟಿದೆ ಅಂದುಕೊಂಡಿದ್ದೆ ಎಂದಳು.

“ಹುಟ್ಟಿದಾಗಿಂದ ನನ್ ಮುಖ ಕಂಡು ಹೊಟ್ಟೆಕಿಚ್ಚು ಪಟ್ಟೋರು ನೀವೊಬ್ರೇ ಕಣಕ್ಕ.”

ಬೈದಿದ್ದರೆ ಸಂಗೀತಾ ಉತ್ತರ ಕೊಡುತ್ತಿದ್ದಳು. ಹೊಡೆದಿದ್ದರೆ ತಿರುಗಿ ಹೊಡೆಯುತ್ತಿದ್ದಳೋ ಏನೋ. ಈ ಮಾತಿಗೆ ಅವಳ ಕಣ್ಣು ಗೋಡೆಯ ಮೇಲಿನ ತನ್ನದೇ ಫೋಟೋದ ಕಡೆ ಹೋಯಿತು.

ನಡುವೆ ರೇಣುಕಪ್ರಸಾದ್ ಬಾಯಿ ಹಾಕಿದ. ನಾನು ನೋಡುತ್ತಿದ್ದದ್ದು ಬೆಳಕು ಕಣೇ, ಮುಖ ಅಲ್ಲ ಎಂದು ಹೆಂಡತಿಗೆ ಹೇಳಿದ. ಸತ್ಯವನ್ನೇ ಹೇಳಿದ, ಪಾಪ. ಆ ಸತ್ಯ ಇಬ್ಬರು ಹೆಂಗಸರಿಗೂ ಹಿಡಿಸಲಿಲ್ಲ. ಸುಮ್ಮನಿದ್ದರೆ ಒಳ್ಳೆಯದೆಂದು ಅವನಿಗೂ ತಿಳಿಯಿತು.

ಭುವನಾ ದುಪಟ್ಟಾದ ತುದಿಯಿಂದ ಮುಖ ಒತ್ತಿಕೊಂಡಳು, ಉಜ್ಜಲಿಲ್ಲ. ಮತ್ತೆ ಸ್ಟೂಲಿನ ಮೇಲೆ ಸರಿಯಾಗಿ ಕೂತಳು. ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿದಳು. ರೇಣುಕಪ್ರಸಾದ್ ಕ್ಯಾಮೆರಾದ ಕಡೆ ಹೆಜ್ಜೆ ಇಟ್ಟಾಗ ಕೈ ಅಡ್ಡ ಮಾಡಿದಳು.

“ಅಣ್ಣ ಬ್ಯಾಡ. ಇವತ್ತು ನೀವು ತೆಗೀರಿ ಅಕ್ಕ. ಇನ್ಮೇಲೆ ನೀವೇ ತೆಗೀರಿ. ಹೆಂಗೈತೋ ಹಂಗೆ ನೋಡಿ.”

ಸಂಗೀತಾ ಏಳಲಾರದೆ ಎದ್ದಳು. ಕ್ಯಾಮೆರಾ ಹಿಡಿದು ಅವಳಿಗೆ ಅಭ್ಯಾಸವಿರಲಿಲ್ಲ, ಗುಂಡಿ ಎಲ್ಲಿದೆ ಎಂದು ಗಂಡನನ್ನೇ ಕೇಳಿ ತಿಳಿದುಕೊಳ್ಳಬೇಕಾಯಿತು. ಕಿಂಡಿಗೆ ಕಣ್ಣು ಒತ್ತಿ ನೋಡಿದಾಗ ಚೌಕದ ತುಂಬ ಆ ಮುಖ ಬಂತು. ಕಂಪ್ಯೂಟರಿನಲ್ಲಿ ಎಷ್ಟೋ ಸಲ ಕಂಡ ಮುಖವೇ. ಆದರೆ ಅಲ್ಲಿ ಅದು ಇವಳನ್ನು ತಿರುಗಿ ನೋಡುತ್ತಿರಲಿಲ್ಲ. ನೇರ ಒಂದು ತೆಗೆದಳು. ಎಡಗೆನ್ನೆ ತೋರಿಸು ಎಂದು ಕೈಯಲ್ಲೇ ಸನ್ನೆ ಮಾಡಿದಳು. ಭುವನಾ ತಿರುಗಿದಳು. ಛತ್ರಿ ಲೈಟಿನ ಬೆಳಕು ಓರೆಯಾಗಿ ಬಿದ್ದು ಕೆನ್ನೆಯ ಕುಳಿಗಳು ಒಂದೊಂದೂ ಕಂಡವು. ಸಂಗೀತಾ ಗುಂಡಿ ಒತ್ತಿದಳು. ಬಲಗೆನ್ನೆಯದೂ ಆಯಿತು.

ಮೊದಲನೆಯದು ಸರಿ ಬಂದಿಲ್ಲ, ಇನ್ನೊಂದು ಸಲ ನೇರ ತೆಗೆಯುತ್ತೇನೆ ಎಂದಳು. ಭುವನಾ ಸರಿ ಎಂದು ಮುಂದಕ್ಕೆ ತಿರುಗಿ ಕೂತಳು. ರೇಣುಕಪ್ರಸಾದ್ ಹಿಂದೆಯೇ ಎಲ್ಲೋ ನಿಂತಿದ್ದ. ಅವನ ಉಸಿರು ಕೇಳುತ್ತಿತ್ತು. ಅವನು ಈಗ ಯಾರನ್ನು ನೋಡುತ್ತಿದ್ದಾನೆ, ತನ್ನನ್ನೋ ಅವಳನ್ನೋ ಎಂದು ಒಮ್ಮೆ ತಿರುಗಿ ನೋಡಬೇಕೆಂದು ಸಂಗೀತಾಳಿಗೆ ಬಹಳ ಅನ್ನಿಸಿತು. ಎದುರಿಗೆ ಭುವನಾ ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಾ ಕೂತಿದ್ದರಿಂದ ತಿರುಗಲಾಗಲಿಲ್ಲ.